ಪರದೆಯ ಹಿಂದೆ ಕೂತವರು

ಮೊನ್ನೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಶ್ರೀರಂಗಪಟ್ಟಣದ ಲ್ಯಾಬೊಂದರಲ್ಲಿ ತೋಳು ಚಾಚಿ ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಸವರಿದಳು. ಸೂಜಿ ಎಂದರೆ ಈ ವಯಸ್ಸಿನಲ್ಲೂ ನಾನು ಪುಕ್ಕಲು. ಮುಖ ಆಚೆ ತಿರುಗಿಸಿದ್ದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಜಿಯ ನೆನಪೇ ಹೋಯಿತು. "ಆಯ್ತು ಸಾರ್, ಎದ್ದೇಳಿ" ಎಂದು ಆಕೆ ಎರಡು ಸಲ ಹೇಳಬೇಕಾಯಿತು. ನಾನಾಗ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ರಹಮತ್ ಸಾಬರ ಬೋರ್ಡು ಬರೆಯುವ ಅಂಗಡಿಯಲ್ಲಿದ್ದೆ.

ಇದು ತೊಂಬತ್ತರ ದಶಕದ ಮಾತು. ಹಾಲಿನ ಕಚೇರಿಯೊಂದರಲ್ಲಿ ನನಗೆ ಕೆಲಸ. ಹಳ್ಳಿ ಹಳ್ಳಿ ಸುತ್ತಿ, ಹಸು ಕಟ್ಟಿದವರಿಗೆ ಹಾಲು ಶುದ್ಧವಾಗಿ ಕರೆಯುವುದು ಹೇಗೆಂದು ತಿಳಿಸಿಕೊಡಬೇಕು. ವಯಸ್ಸು ಇಪ್ಪತ್ತೇಳು. ಗಂಜಾಂನಲ್ಲಿ ಹುಟ್ಟಿ ಬೆಳೆದ ನಾನು ಅದುವರೆಗೆ ಒಂದು ಚೊಂಬು ಹಾಲನ್ನೂ ಕರೆದವನಲ್ಲ, ಆದರೆ ಬುದ್ಧಿ ಹೇಳುವ ಚಟ ಮಾತ್ರ ಮೀಸೆ ಬರುವ ಮೊದಲೇ ಬಂದಿತ್ತು. ಅಂಥವನ ಕೈಗೆ ಕಚೇರಿಯವರು ಓ.ಎಚ್.ಪಿ. ಎಂಬ ಯಂತ್ರವನ್ನೂ ಕೊಟ್ಟರೆ ಏನಾಗಬೇಕು, ನೀವೇ ಯೋಚಿಸಿ.

ಈಗಿನವರು ಅದನ್ನು ನೋಡಿರಲಾರರು. ಒಂದು ಪೆಟ್ಟಿಗೆ, ಒಳಗೆ ಉರಿಯುವ ಬಲ್ಬು, ಮೇಲೆ ಗಾಜು, ಅದರ ಮೇಲಕ್ಕೆ ಕತ್ತು ಬಗ್ಗಿಸಿ ನಿಂತ ಮಸೂರ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದು ಗಾಜಿನ ಮೇಲಿಟ್ಟರೆ, ಬರೆದದ್ದು ಎದುರಿನ ಗೋಡೆಯಲ್ಲಿ ದೊಡ್ಡದಾಗಿ ಮೂಡುತ್ತಿತ್ತು. ಇವತ್ತು ಕಂಪ್ಯೂಟರಿನಲ್ಲಿ ಸ್ಲೈಡು ಮಾಡುವವರು ತಪ್ಪಾದರೆ ಗುಂಡಿ ಒತ್ತಿ ಅಳಿಸುತ್ತಾರೆ. ನಾವು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸುತ್ತಿದ್ದೆವು.

ಆ ಯಂತ್ರ ಬರುವ ಹೊತ್ತಿಗೆ ಶೀಳನೆರೆ ಕಡೆಯ ಒಂದು ಹಳ್ಳಿ ನನಗೆ ತಲೆನೋವಾಗಿತ್ತು. ಊರಿನ ಹೆಸರು ಬೇಡ. ಅಲ್ಲಿಂದ ಬಂದ ಹಾಲು ಕಾಯಿಸಿದರೆ ಒಡೆಯುತ್ತಿತ್ತು. ಕ್ಯಾನುಗಳು ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತಿದ್ದವು. ಒಂದು ಹಸುವಿಗೆ ಕೆಚ್ಚಲು ಬಾವು ಇದ್ದರೂ ಸಾಕು, ಅದರ ಹಾಲು ಬೆರೆತ ಕ್ಯಾನೆಲ್ಲ ಹಾಳು. ಹೀಗೇ ಆದರೆ ಆ ಊರಿಗೆ ವ್ಯಾನು ಕಳಿಸುವುದಿಲ್ಲವೆಂದು ಮೇಲಿನವರು ಹೇಳಿದ್ದರು. ಯಾವ ಹಸು ಎಂದು ಹುಡುಕಲು ಒಂದು ಬೆಳಿಗ್ಗೆ ನಾನೇ ಹೊರಟೆ.

ಮೂರನೆಯ ಮನೆಯೋ ನಾಲ್ಕನೆಯದೋ ನಿಂಗಮ್ಮನದು. ಗಂಡ ಬಿಟ್ಟ ಮೇಲೆ ತಾಯಿಯ ಮನೆಗೆ ಬಂದು, ಒಂದೇ ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದ ಹೆಂಗಸು. ಹಸುವಿನ ಮೊಲೆತೊಟ್ಟಿನ ಮೇಲೆ ಅರಿಶಿನ ಮೆತ್ತಿದ ಗಾಯ ಕಂಡಿತು. ನನಗೆ ಅಷ್ಟೇ ಸಾಕಾಯಿತು.

"ಬೇಲಿ ಮುಳ್ಳು ತರಚಿದ್ದು ಸಾರ್. ಒಳಗೇನೂ ಆಗಿಲ್ಲ" ಎಂದಳು.

"ಅದೆಲ್ಲ ನಿನಗೆ ಗೊತ್ತಾಗಲ್ಲಮ್ಮ" ಎಂದೆ.

ಊರಿನ ಹಾಲಿನ ಸಂಘದ ಜಗುಲಿಗೆ ಬಂದು, ಹಾಲು ಹಾಕಲು ನಿಂತಿದ್ದ ಜನರೆಲ್ಲರ ಎದುರಿಗೆ ಪುಸ್ತಕ ತರಿಸಿ, ನಿಂಗಮ್ಮನ ಹಾಲು ಹಾಕಿಸಿಕೊಳ್ಳಬಾರದು ಎಂದು ಬರೆದು ಗಟ್ಟಿಯಾಗಿ ಓದಿ ಸಹಿ ಮಾಡಿದೆ. ವ್ಯಾನಿನಲ್ಲಿ ವಾಪಸ್ಸು ಬರುವಾಗ ನನ್ನ ಚುರುಕುತನಕ್ಕೆ ನಾನೇ ಮೆಚ್ಚಿಕೊಂಡೆ.

ಹಾಲು ಮತ್ತೆಯೂ ಒಡೆಯಿತು. ಇನ್ನೊಬ್ಬನಾಗಿದ್ದರೆ ಅವನಿಗೆ ಆಗಲೇ ತನ್ನ ತಪ್ಪು ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ, ಊರಿಗೂ ಹೊಳೆಯಲಿಲ್ಲ. "ಅವಳು ಪಕ್ಕದ್ಮನೆ ಚೊಂಬಲ್ಲಿ ಸೇರಿಸಿ ಆಕಿಸ್ತಾವ್ಳೆ ಕಣ್ಲಾ" ಎಂದು ಯಾರೋ ಅಂದರು, ಅದೇ ನಿಜವಾಯಿತು. ನಲ್ಲಿಯ ಹತ್ತಿರ ಅವಳನ್ನು ಮಾತಾಡಿಸುವವರು ಕಡಿಮೆಯಾದರು. ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೊಡುವವರೂ ಇಲ್ಲವಾದರು. ಡೇರಿಗೆ ಹಾಲು ಹೋಗದಿದ್ದರೆ ಆ ಮನೆಗೆ ಬೇರೆ ದಿಕ್ಕಿರಲಿಲ್ಲ. ಹಸುವನ್ನು ಮಾರಿಬಿಡುವ ಮಾತು ನಡೆದಿದೆ ಎಂದೂ ಕೇಳಿದೆ. ನಾನು ಮಾತ್ರ ಊರಿನವರಿಗೆಲ್ಲ ಪಾಠ ಮಾಡಿದರೆ ಸರಿಹೋಗುತ್ತದೆ ಎಂದುಕೊಂಡು ಹಾಳೆಗಳನ್ನು ಸಿದ್ಧ ಮಾಡತೊಡಗಿದೆ.

ಹನ್ನೊಂದು ಹಾಳೆಗಳಾದವು. ಒಂದೊಂದರಲ್ಲೂ ಇಪ್ಪತ್ತು ಇಪ್ಪತ್ತೆರಡು ಸಾಲು. ನನ್ನ ಅಕ್ಷರ ದುಂಡಗಿದೆ ಎಂದು ಸ್ಕೂಲಿನಲ್ಲಿ ಮೇಷ್ಟ್ರು ಹೊಗಳಿದ್ದರು, ಆ ಕಾಯಿಲೆ ಇನ್ನೂ ಇಳಿದಿರಲಿಲ್ಲ. ಆದರೂ ಬಣ್ಣದಲ್ಲಿ ಬರೆಸಿದರೆ ಭರ್ಜರಿಯಾಗಿರುತ್ತದೆ ಎಂದು ರಹಮತ್ ಸಾಬರ ಅಂಗಡಿಗೆ ಒಯ್ದೆ. ಪೇಟೆಯ ಅರ್ಧ ಅಂಗಡಿಗಳ ಬೋರ್ಡು ಅವರ ಕೈಯದು. ಮೊದಲನೇ ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಸಾಲು ಎಣಿಸಿದರು.

"ಇದು ಬೋರ್ಡಲ್ಲ ಸಾರ್, ಕಾಗ್ದ. ಊರ್ಗೆ ಕಾಗ್ದ ಬರೀತಾ ಇದೀರಾ?"

"ಹೇಳೋ ವಿಷಯ ಬಹಳ ಇದೆ ಸಾಬ್ರೆ."

"ಇರ್ಲಿ. ನನ್ ಬೋರ್ಡು ಓದೋನು ಬಸ್ಸಲ್ಲಿ ಕುಂತಿರ್ತಾನೆ. ಬಸ್ಸು ಓಯ್ತಾ ಇರ್ತದೆ. ಅವನು ಕತ್ತು ತಿರುಗ್ಸೋದ್ರೊಳ್ಗೆ ತಲೇಗೆ ಒಂದು ಮಾತು ಆಕ್ಬೇಕು. ಎರಡು ಆಕುದ್ರೆ ಒಂದೂ ನಿಲ್ಲಾಕಿಲ್ಲ."

ಡಿಗ್ರಿ ಮಾಡಿದವನು ನಾನು, ನಕ್ಕು ಸುಮ್ಮನಾದೆ. ನಾನು ಹೇಳಿದಂತೆಯೇ ಅವರು ಐದು ಬಣ್ಣದಲ್ಲಿ ಬರೆದುಕೊಟ್ಟರು. ತಮ್ಮ ಅಕ್ಷರ ಬೆಳಕಲ್ಲಿ ಹೇಗೆ ಕಾಣುತ್ತದೆಂದು ನೋಡುವ ಆಸೆಯಿಂದ ಸಂಜೆಯ ಹಾಲಿನ ವ್ಯಾನು ಹತ್ತಿ ನನ್ನ ಜೊತೆಗೂ ಬಂದರು.

ಸಂಘದ ಮುಂದೆ ಎರಡು ಗೂಟ ನೆಟ್ಟು, ಅಧ್ಯಕ್ಷರಾದ ಚಿಕ್ಕೇಗೌಡರ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿದ್ದರು. ಅದೇ ಪರದೆ. ಗಂಡಸರು ಪರದೆಯ ಮುಂದೆ ಚಾಪೆಯ ಮೇಲೆ ಕೂತರು. ಆ ಊರಿನಲ್ಲಿ ಸೊಸೆಯಂದಿರು ಮಾವಂದಿರ ಎದುರಿಗೆ ಕೂರುವ ಪದ್ಧತಿ ಇರಲಿಲ್ಲವಾಗಿ ಹೆಂಗಸರೆಲ್ಲ ಪರದೆಯ ಹಿಂದೆ ಕೂತರು. ಪಂಚೆ ತೆಳುವಾಗಿತ್ತು, ಬೆಳಕು ಆಚೆಗೂ ಹಾಯುತ್ತಿತ್ತು. ಎಲ್ಲರಿಗೂ ಕಾಣುತ್ತದಲ್ಲ ಎಂದು ನಾನೂ ಒಪ್ಪಿದೆ.

ಹನ್ನೊಂದು ಹಾಳೆಯನ್ನೂ ಗಟ್ಟಿಯಾಗಿ ಓದಿದೆ. ಮುಂದಿನ ಸಾಲಿನಲ್ಲಿ ಇಬ್ಬರು ತೂಕಡಿಸಿದರು. ಆರನೆಯ ಹಾಳೆಯಲ್ಲಿ ಹಾಲು ಕರೆಯುವ ಹೆಂಗಸಿನ ಚಿತ್ರವಿತ್ತು. ಅದನ್ನು ಇಟ್ಟಾಗ ಪರದೆಯ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. ಪಾಠ ರಸವತ್ತಾಗಿದೆ ಎಂದುಕೊಂಡು ಉಬ್ಬಿದೆ. ನಡುವೆ ಪಂಚೆಯ ಒಂದು ಗಂಟು ಸಡಿಲವಾಯಿತು. ರಹಮತ್ ಸಾಬರು ಅದನ್ನು ಕಟ್ಟಲು ಹಿಂದಕ್ಕೆ ಹೋದವರು ಬರಲು ತಡಮಾಡಿದರು.

ವಾಪಸ್ಸು ಬರುವಾಗ ವ್ಯಾನಿನಲ್ಲಿ, ಕ್ಯಾನುಗಳ ಸಂದಿಯಲ್ಲಿ ಕೂತು ಅವರು ಕೇಳಿದರು: "ಸಾರ್, ಆ ಊರಲ್ಲಿ ಆಲು ಕರೆಯೋರು ಗಂಡುಸ್ರಾ, ಎಂಗುಸ್ರಾ?"

"ಹೆಂಗಸರೇ."

"ಅವ್ರೆಲ್ಲಾ ಇಂದ್ಗಡೆ ಕುಂತಿದ್ರು. ಆ ಕಡೆಯಿಂದ ನನ್ ಅಕ್ಸರ ಪೂರಾ ಉಲ್ಟಾ ಸಾರ್. ನಂಗೇ ಓದಕಾಗ್ನಿಲ್ಲ."

ನಾನು ಬೆಪ್ಪಾದೆ. ಅವರು ಮುಂದುವರಿಸಿದರು: "ಚಿತ್ರದಲ್ಲಿರೋ ಎಂಗುಸು, ಕೂರಬಾರ್ದ ಮಗ್ಗುಲಲ್ಲಿ ಕುಂತವ್ಳೆ, ಅಸ ಒದ್ದುಬುಡ್ತದೆ ಅಂತ ನಗ್ತಾ ಇದ್ರು. ಸೆರಗೂ ಆ ಕಡೆ ಎಗಲ್ಗೆ ಬಿದ್ದೈತೆ. ಇದ್ಯಾವ್ದೋ ಬೇರೆ ಸೀಮೆಯೋರ ಕತೆ, ನಮ್ದಲ್ಲ ಬುಡಿ ಅಂತ ಮಾತಾಡ್ಕೊತಾ ಇದ್ರು."

ಒಂದೂವರೆ ಗಂಟೆ ಗಂಟಲು ಹರಿದುಕೊಂಡಿದ್ದೆ. ಯಾರಿಗೆ ಬೇಕಿತ್ತೋ ಅವರಿಗೆ ಒಂದಕ್ಷರವೂ ಮುಟ್ಟಿರಲಿಲ್ಲ. ಆ ದಾರಿಯುದ್ದಕ್ಕೂ ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಅಂಗಡಿಗೆ ಹೋಗಿ, ಹೆಂಗಸರನ್ನು ಮುಂದೆ ಕೂರಿಸೋಣ ಎಂದೆ. "ಕೂರಾಕಿಲ್ಲ. ಕುಂತ್ರೂ ತಲೆ ಎತ್ತಾಕಿಲ್ಲ" ಎಂದರು ಸಾಬರು. ಹಾಗಾದರೆ ಹಾಳೆಯನ್ನು ಮಗುಚಿ ಇಡೋಣ, ಅವರಿಗೆ ಸರಿಯಾಗಿ ಕಾಣುತ್ತದೆ ಎಂದೆ. "ಆಗ ಮುಂದ್ಗಡೆ ಗಂಡುಸ್ರು ನಮಗಲ್ಲ ಅಂತ ಎದ್ದು ಓಯ್ತಾರೆ. ಔಷ್ದಿ ತರೋರು ಅವ್ರೇ ಅಲ್ವಾ? ಎರಡೂ ಕಡೆಗೆ ಬರಾಬರ್ ಕಾಣ್ಬೇಕು ಸಾರ್." ಹಾಗೆನ್ನುತ್ತಲೇ ಚಿಂದಿ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಮೊದಲನೇ ಹಾಳೆಯನ್ನು ಒರೆಸತೊಡಗಿದರು. ಅಂಗಡಿಯ ತುಂಬ ಆ ವಾಸನೆ. ಇಪ್ಪತ್ತೆರಡು ಸಾಲು ಒಂದು ಉಸಿರಿಗೆ ಅಳಿಸಿಹೋಯಿತು. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು.

"ಒಸೊಳಲು ಗುಡಿ ಗೋಡೆ ನೋಡಿದೀರಾ? ಸುತ್ಲೂ ಕತೆ ಕೆತ್ತವ್ರೆ. ನಮ್ಮಜ್ಜಿ ಓದ್ದೋಳಲ್ಲ, ನಮ್ ಧರ್ಮದ ಕತೇನೂ ಅಲ್ಲ. ಆದ್ರೂ ಬೆರಳಿಟ್ಟು ಇದು ಜಗಳ, ಇದು ಮದ್ವೆ ಅಂತ ನಂಗೆ ಏಳೋಳು" ಎಂದು ಹೊಸಹೊಳಲಿನ ಹಳೆಯ ದೇವಸ್ಥಾನವನ್ನು ನೆನೆದರು. ಆಮೇಲೆ ಬಗ್ಗಿ ಕೂತು ಬರೆದರು. ಹಸುವನ್ನು ಹಿಂದಿನಿಂದ ಬರೆದಿದ್ದರು. ಎರಡು ಕಾಲು, ನಡುವೆ ಕೆಚ್ಚಲು, ಮೊಲೆತೊಟ್ಟುಗಳು. ಯಾವ ಕಡೆಯಿಂದ ನೋಡಿದರೂ ಅದೇ ಹಸು.

"ಬಾಲ ಎಲ್ಲಿ ಸಾಬ್ರೆ?"

"ಅಡ್ಡ ಬತ್ತದೆ, ಬುಟ್ಬುಟ್ಟೆ. ಅಸೀಗೆ ಬಾಲ ಐತೆ ಅಂತ ಅವ್ರಿಗೆ ಗೊತ್ತು."

ಎಲ್ಲ ಸೇರಿ ನಾಲ್ಕೇ ಹಾಳೆ. ಮೊದಲನೆಯದು ಹಸು. ಎರಡನೆಯದರಲ್ಲಿ ಕಪ್ಪು ಬಟ್ಟೆಯ ಮೇಲೆ ಬೀಳುವ ಮೊದಲ ಹಾಲಿನ ಧಾರೆ. ಮೂರನೆಯದರಲ್ಲಿ ಅದೇ ಧಾರೆಯಲ್ಲಿ ಬಾವಿನಿಂದ ಗಡ್ಡೆಕಟ್ಟಿ ಗರಣೆಗರಣೆಯಾದ ಹಾಲು. ನಾಲ್ಕನೆಯದರಲ್ಲಿ ಆ ಗರಣೆ ಬಿದ್ದು ಒಡೆದುಹೋದ ಇಡೀ ಕ್ಯಾನು. ಅಕ್ಷರ ಒಂದೂ ಇಲ್ಲ. ಹಾಲಿಗೆ ಬಿಳಿ ಬಣ್ಣ ತರಲೇ ಎಂದು ಕೇಳಿದರೆ ಬೇಡವೆಂದರು. ಸುತ್ತಲೂ ಕಪ್ಪು ಬಳಿದು ಹಾಲಿನ ಜಾಗವನ್ನು ಖಾಲಿ ಬಿಟ್ಟರು. ಬಲ್ಬು ಹಾಕಿದಾಗ ಬೆಳಕೇ ಹಾಲಾಗಿ ಕಾಣುತ್ತಿತ್ತು.

ಎರಡನೆಯ ಸಲ ಹೋದಾಗ ಮುಂದಿನವರು ರೇಗಿಸಿದರು. "ಏನ್ ಸಾರ್, ನಿಮ್ ಅಸ ಮಕ ತೋರ್ಸಾಕಿಲ್ವಾ?" ಎಂದ ಒಬ್ಬ. ಎಲ್ಲರೂ ನಕ್ಕರು. ಪರದೆಯ ಹಿಂದೆ ಮಾತ್ರ ಯಾರೂ ನಗಲಿಲ್ಲ, ಪಿಸುಪಿಸು ಮಾತು ಶುರುವಾಯಿತು. ನಾನೂ ಅವತ್ತು ಕಡಿಮೆ ಮಾತಾಡಿದೆ. ನಾಳೆ ಕರೆಯುವಾಗ ಒಂದೊಂದು ತೊಟ್ಟಿನ ಮೊದಲ ಧಾರೆಯನ್ನು ಕಪ್ಪು ಬಟ್ಟೆಗೆ ಬಿಟ್ಟು ನೋಡಿ, ಬರುವ ವಾರ ನೋಡಿದ್ದನ್ನು ಹೇಳಿ ಎಂದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಮುಂದಿನ ವಾರ ಅದೇ ಪಂಚೆ, ಅದೇ ಜನ. ಮೂರನೆಯ ಹಾಳೆಯನ್ನು ಇಟ್ಟು, "ಯಾರ ಹಸುವಿನಲ್ಲಾದರೂ ಹೀಗೆ ಕಂಡಿತಾ?" ಎಂದು ಕೇಳಿದೆ. ಮುಂದಿನವರು ಮುಖಮುಖ ನೋಡಿಕೊಂಡರು. "ಅದೇನ್ ಕೇಳೋದು, ನಿಂಗಮ್ಮಂದೇ" ಎಂದು ಒಬ್ಬ ಗೊಣಗಿದ.

ಆಗ ಪರದೆ ಅಲುಗಿತು. ಹಿಂದಿನಿಂದ ಯಾರೋ ಒಂದು ಬೆರಳನ್ನು, ಸರಿಯಾಗಿ ಗರಣೆಯ ಚಿತ್ರವಿದ್ದ ಕಡೆಗೆ ಒತ್ತಿದ್ದರು. ಪಂಚೆ ಅಲ್ಲಿ ನಮ್ಮ ಕಡೆಗೆ ಉಬ್ಬಿತು.

"ಇಂಗೇ ಬಂತು" ಎಂದಿತು ಒಂದು ಎಳೆಯ ದನಿ.

"ಯಾರ ಹಸುವಮ್ಮ?"

ಬೆರಳು ಅಲ್ಲಿಂದ ಕದಲಲಿಲ್ಲ. "ನಮ್ಮನೇದು. ಸೀಮೆ ಅಸೀಂದು. ನಿಂಗಕ್ಕನ ಅಸೀನೂ ನೋಡುದ್ವಿ ಮಾವ. ನನ್ ಬಟ್ಟೆ ಮೇಲೆ, ನನ್ ಮುಂದೇನೇ ಕರೆಸ್ದೆ. ಅದ್ರಲ್ಲಿ ಏನೂ ಇಲ್ಲ."

ಚಿಕ್ಕೇಗೌಡರು ತಟ್ಟನೆ ತಲೆ ಎತ್ತಿದರು. ಅದು ಅವರ ಸೊಸೆ ಗೌರಿಯ ದನಿ. ಮದುವೆಯಾಗಿ ಬಂದಾಗಿನಿಂದ ಆ ಹುಡುಗಿ ಮಾವನೆದುರು ಬಾಯಿ ಬಿಟ್ಟವಳಲ್ಲ ಎಂದು ಆಮೇಲೆ ಕೇಳಿ ತಿಳಿದೆ. ಅವರ ಸೀಮೆ ಹಸುವೆಂದರೆ ಊರಿಗೆ ಹೆಮ್ಮೆ. ನಾನೂ ಅದನ್ನು ಸುಮ್ಮನೆ ದೂರದಿಂದ ನೋಡಿ, ಮೆಚ್ಚಿ, ಮುಂದೆ ಹೋಗಿದ್ದೆ. ಗೌಡರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಬರ್ಕೊಳಿ ಸಾರ್. ನಾಳಿಂದ ನಮ್ಮನೆ ಆಲು ಬ್ಯಾಡ, ಗುಣ ಆಗೋಗಂಟ" ಎಂದರು. ಮತ್ತೆ ಪರದೆಯ ಕಡೆ ತಿರುಗಿ, "ನಿಂಗಮ್ಮ, ನಾಳಿಕೆ ಎಲ್ರಿಗಿಂತ ಮೊದ್ಲು ನೀನು ತಂದು ಆಕವ್ವ" ಎಂದರು.

ಆಚೆಯಿಂದ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. ನಾನು ಹಾಳೆ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಆ ಊರಿನ ಹಾಲು ಒಡೆಯುವುದು ನಿಂತಿತು, ವ್ಯಾನು ತಪ್ಪಲಿಲ್ಲ. ನಿಂಗಮ್ಮ ಹಸು ಮಾರಲಿಲ್ಲ. ನಾಲ್ಕು ಹಾಳೆಗಳನ್ನು ಹಿಡಿದು ನಾನು ನಾಗಮಂಗಲಕ್ಕೆ, ಪಾಂಡವಪುರಕ್ಕೆ ಹೋಗಿ ಬೇರೆಯವರಿಗೂ ತೋರಿಸಿದೆ. ಹಾಳೆ ಬರೆಯುವ ಮೊದಲು ನೋಡುವವರು ಎಲ್ಲಿ ಕೂತಿದ್ದಾರೆಂದು ತಿಳಿಯಬೇಕು ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಎಲ್ಲ ಕಡೆಯೂ ಕತೆಯನ್ನು ಪಂಚೆಯಿಂದ ಶುರು ಮಾಡುತ್ತಿದ್ದೆ. ಅದಕ್ಕೂ ಹಿಂದೆ ಸಂಘದ ಪುಸ್ತಕದಲ್ಲಿ ನಿಂಗಮ್ಮನ ಹೆಸರು ಬರೆದವನು ನಾನೇ ಎಂಬುದನ್ನು ಒಂದು ಕಡೆಯೂ ಹೇಳಲಿಲ್ಲ. ರಹಮತ್ ಸಾಬರು ಒಮ್ಮೆ ಕೇಳಿದ್ದರು, "ಆ ಯವ್ವನ್ನ ಮಾತಾಡ್ಸುದ್ರಾ ಸಾರ್?" ಎಂದು. ಹೂಂ ಎಂದುಬಿಟ್ಟೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಸುಳ್ಳು ಹೂಂ ಹಾಗೇ ಉಳಿಯಿತು.

ಲ್ಯಾಬಿನಿಂದ ಮನೆಗೆ ಬಂದವನು ಹೆಂಡತಿಗೆ ಇದನ್ನೆಲ್ಲ, ಈ ಸಲ ಮೊದಲಿನಿಂದ ಹೇಳಿದೆ. ಆಕೆ ಸೊಪ್ಪು ಬಿಡಿಸುತ್ತ ಕೇಳಿದಳು.

"ಆಮೇಲೆ ಆವಮ್ಮನ ಹತ್ರ ತಪ್ಪಾಯ್ತು ಅಂದ್ರಾ?"

ನನಗೆ ವರ್ಗವಾದದ್ದು, ಕೆಲಸದ ಒತ್ತಡ, ಅವಳೇ ಮರೆತಿರಬಹುದು ಎಂದು ಸುಮ್ಮನಾದದ್ದು, ಎಲ್ಲವನ್ನೂ ವಿವರಿಸತೊಡಗಿದೆ.

"ಇಷ್ಟುದ್ದ ಯಾಕ್ರೀ? ಅನ್ನಲಿಲ್ಲ, ಅಷ್ಟೇ ತಾನೇ" ಎಂದಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಅಲ್ಲಿ ಇಲ್ಲಿ ವಿಚಾರಿಸಿ ಆ ಊರಿನ ಸಂಘದ ಕಾರ್ಯದರ್ಶಿಯ ನಂಬರು ಹಿಡಿದೆ. ದನಿ ಕೇಳಿದರೆ ಚಿಕ್ಕ ವಯಸ್ಸಿನವನು. ನಿಂಗಮ್ಮ ಅಂತ ಒಬ್ಬರಿದ್ದರು, ಈಗ ಇದ್ದಾರಾ ಎಂದು ಅಳುಕುತ್ತಲೇ ಕೇಳಿದೆ.

"ನಿಂಗಜ್ಜೀನಾ? ಈಗ್ತಾನೆ ಆಲು ಆಕ್ಬುಟ್ಟು ಓದ್ರಲ್ಲ ಸಾರ್" ಎಂದ.

ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಅವರ ಮನೆಗೆ ಹೋಗುವುದಿಲ್ಲ. ಸಂಜೆ ಹಾಲು ಹಾಕುವ ಹೊತ್ತಿಗೆ ಸಂಘದ ಜಗುಲಿಯಲ್ಲಿ ನಿಂತಿರಬೇಕು. ನಿಂಗಮ್ಮನ ಹಾಲು ಬೇಡವೆಂದು ಬರೆದ ಆ ಸಾಲನ್ನು ನಾನು ಓದಿದ್ದು ಊರಿನವರೆಲ್ಲರ ಎದುರಿಗೆ.