ಉಳ್ಳಾಗಡ್ಡಿ ಗಾಡಿಯ ಜೋಗುಳ

ಮಳೆಗೆ ನೆಂದ ಗೋಣಿಚೀಲದೊಳಗಿನ ಉಳ್ಳಾಗಡ್ಡಿಗೆ ಅದರದ್ದೇ ಒಂದು ವಾಸನೆ ಇರುತ್ತದೆ. ಅರ್ಧ ಮಣ್ಣಿನದು, ಅರ್ಧ ಕೊಳೆಯತೊಡಗಿದ ಸಿಹಿಯದು. ಹೋದ ವಾರ ಸಂಭಾಜಿನಗರದ ನಮ್ಮ ಓಣಿಗೆ ಬಂದ ಟೆಂಪೋದಿಂದ ಮೊದಲು ಆ ವಾಸನೆ ಬಂತು, ಹಿಂದೆಯೇ ಸ್ಪೀಕರಿನ ಹಾಡು. ಕುಕ್ಕರಿನ ಸೀಟಿ ಎಣಿಸುತ್ತ ನಿಂತಿದ್ದವಳಿಗೆ ಲೆಕ್ಕ ತಪ್ಪಿತು. ಹಾಡುತ್ತಿದ್ದವನ ದನಿ ಪರಿಚಯದ್ದಲ್ಲ. ಆದರೆ ಆ ಧಾಟಿ ನನಗೆ ಗೊತ್ತು. ಅದು ನಾಸಿಕದಲ್ಲಿ ನಮ್ಮ ಪಕ್ಕದ ಮನೆಯ ಕಾಕಿ ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಜೋಗುಳದ್ದು.

ಕಾಕಿ ಹುಮನಾಬಾದ ಕಡೆಯವರು. ನಾವು ಭಾಲ್ಕಿಯವರು. ನಾನು ಅಲ್ಲಿ ನಾಲ್ಕನೆಯ ಇಯತ್ತೆವರೆಗೆ ಕನ್ನಡ ಓದಿ, ಅಪ್ಪನ ನೌಕರಿಯ ಹಿಂದೆ ನಾಸಿಕಕ್ಕೆ ಬಂದವಳು. ಕಾಕಿಯ ಮತ್ತು ನಮ್ಮ ಮನೆಯ ನಡುವೆ ಒಂದೇ ಗೋಡೆ. ಅವರ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮಪ್ಪ ಸೀನುತ್ತಿದ್ದರು. ಕಾಕಿಯ ಮಗ ಆಗ ತೊಟ್ಟಿಲ ಕೂಸು. ಮಧ್ಯಾಹ್ನವಾದರೆ ಗೋಡೆಯ ಆಚೆಯಿಂದ ಹಾಡು ಶುರುವಾಗುತ್ತಿತ್ತು.

ಅದು ಅವರ ತಾಯಿ ಕಟ್ಟಿದ ಹಾಡಂತೆ. ನಿದ್ದಿ ಎಂಬಾಕೆ ಊರಿಗೆ ಬರುತ್ತಾಳೆ. ಕೂಸಿನ ಮನೆ ಯಾವುದೆಂದು ಬಾಗಿಲು ಬಾಗಿಲಿಗೆ ನಿಂತು ಕೇಳುತ್ತಾಳೆ. ಕುಂಬಾರರ ಮನೆಯಲ್ಲಿ ಇನ್ನೂ ತಿಗರಿ ತಿರುಗುತ್ತಿದೆ, ಮುಂದೆ ಹೋಗು ಅನ್ನುತ್ತಾರೆ. ನೇಕಾರರ ಮನೆಯಲ್ಲಿ ಮಗ್ಗ ನಿಂತಿಲ್ಲ, ಮುಂದೆ ಹೋಗು ಅನ್ನುತ್ತಾರೆ. ಹೀಗೆ ಅಲೆದು ಅಲೆದು ಕೊನೆಗೆ ನಿದ್ದಿ ಕೂಸಿನ ಮನೆಯ ಬಾಗಿಲಿಗೆ ಬರುತ್ತಾಳೆ. ಆಗ ಕೂಸಿನ ತಾಯಿ ಅವಳಿಗೆ ಏನೋ ಹೇಳುತ್ತಾಳೆ...

ಆ ಏನೋ ಏನೆಂಬುದು ನಮಗೆ ಕೇಳಿಸುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಕೂಸಿನ ಕಣ್ಣು ಮುಚ್ಚಿಕೊಂಡು ಬಂದಿರುತ್ತಿತ್ತು, ಕಾಕಿ ದನಿ ಇಳಿಸಿ ಬಗ್ಗಿ ಹಾಡುತ್ತಿದ್ದರು. ಒಮ್ಮೆ ಹಟ ಹಿಡಿದು ಅದನ್ನು ಹಾಡಿ ತೋರಿಸಿರೆಂದೆ. ಖಾಲಿ ತೊಟ್ಟಿಲು ತೂಗಬಾರದು, ಹಾಗೆಯೇ ಮಲಗುವ ಕೂಸಿಲ್ಲದೆ ಆ ನುಡಿ ಹಾಡಬಾರದು ಅಂದರು. ನಿನಗೊಂದು ಕೂಸಾಗಲಿ, ಆಗ ಕಲಿಸುತ್ತೇನೆ ಎಂದು ನನ್ನ ಗಲ್ಲ ಹಿಂಡಿದರು. ನಾನು ನಾಚಿಕೊಂಡು ಓಡಿಬಂದೆ. ನನಗೆ ಕೊನೆಗೂ ಕೂಸಾಗಲಿಲ್ಲ, ಅದು ಬೇರೆ ಮಾತು.

ಕಾಕಿಯ ಗಂಡ, ನಮ್ಮ ಕಾಕಾ, ಕಟ್ಟಡದ ಕೆಲಸಕ್ಕೆ ಬಂದು ಗೌಂಡಿಯಾದವರು. ಸೊಂಟ ಹಿಡಿದ ಮೇಲೆ ಕರಣಿ ಕೆಳಗಿಟ್ಟು, ಹಳೆಯ ಟೆಂಪೋ ಒಂದನ್ನು ಹೊಂದಿಸಿಕೊಂಡು ಚಾಂದವಡದ ಉಳ್ಳಾಗಡ್ಡಿಯನ್ನು ಓಣಿ ಓಣಿಗೆ ಮಾರತೊಡಗಿದರು. ಗಾಡಿಗೆ ಹಾಡು ಬೇಕಿತ್ತು. ನಾಸಿಕದಲ್ಲಿ ಇಲಿ ಪಾಷಾಣದವನಿಂದ ಹಿಡಿದು ಚುನಾವಣೆಗೆ ನಿಂತವನವರೆಗೆ ಎಲ್ಲರೂ ಸಿನಿಮಾ ಹಾಡಿಗೆ ತಮ್ಮ ಮಾತು ತುಂಬಿಕೊಂಡು ಬರುತ್ತಿದ್ದರು. ಜನ ಕೇಳುತ್ತಲೇ ನಗುತ್ತಿದ್ದರು, ಪಾಷಾಣವನ್ನು ಮರೆತು ಸಿನಿಮಾದ ಮಾತನ್ನೇ ಗುನುಗುತ್ತಿದ್ದರು. ಕಾಕಾಗೆ ಅದು ಬೇಡವಾಗಿತ್ತು. ನೆನಪಿರಬೇಕಾದದ್ದು ಉಳ್ಳಾಗಡ್ಡಿ, ನಾಯಕಿಯಲ್ಲ. ಅದಕ್ಕೇ ಹೆಂಡತಿಯ ಜೋಗುಳವನ್ನು ಎತ್ತಿಕೊಂಡರು. ಬಾಗಿಲು ಬಾಗಿಲಿಗೆ ನಿಂತು ಕೇಳುವ ಹಾಡು, ಮಾರುವವನಿಗೆ ಹೇಳಿ ಮಾಡಿಸಿದ ಹಾಗಿತ್ತು.

“ನಮ್ಮ ಹಾಡು ಇಲ್ಲಿ ಯಾರಿಗಿ ಗೊತ್ತದ? ಹೊಸಾದು ಅಂತಾರ, ನೋಡ್ತಿರು,” ಅಂದಿದ್ದರು.

ಅವರು ಹೇಳಿದ್ದೇ ಆಯಿತು. ‘ಚಾಂದವಡಚಾ ಕಾಂದಾ ಘ್ಯಾ ಹೋ ತಾಈ’, ಚಾಂದವಡದ ಉಳ್ಳಾಗಡ್ಡಿ ತಗೊಳ್ಳಿರಿ ಅಕ್ಕಾ, ಎಂದು ಅದೇ ಧಾಟಿಯಲ್ಲಿ ಮರಾಠಿಯಲ್ಲಿ ಶುರುವಾಗಿ, ಎರಡು ನುಡಿ ಮುಗಿಸಿ, ಮತ್ತೆ ಚಾಂದವಡಕ್ಕೇ ತಿರುಗುತ್ತಿತ್ತು ಹಾಡು. ಮೂರನೆಯ ನುಡಿ ಕಾಕಾಗೂ ಗೊತ್ತಿರಲಿಲ್ಲವಲ್ಲ. ಕಾಕಿ ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಾಡಿ ಚೆನ್ನಾಗಿ ನಡೆಯಿತು. ಆ ಗಾಡಿಯ ಮೇಲೆ ಮಗ ಓದಿದ, ಮನೆಗೆ ತಗಡು ಹೋಗಿ ಸ್ಲ್ಯಾಬು ಬಂತು. ಆ ಹಾಡಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಯಾರಿಗೂ ಎಡೆ ಇರಲಿಲ್ಲ.

ಸಿನಿಮಾ ಹಾಡಿಗೆ ಸಾವಿರ ಅಣಕು ಹುಟ್ಟಿದರೂ ಅದಕ್ಕೆ ಏನೂ ಆಗುವುದಿಲ್ಲ. ಅಣಕು ಕೇಳಿದವನಿಗೆ ಅಸಲು ಇನ್ನಷ್ಟು ನೆನಪಾಗುತ್ತದೆ. ಆದರೆ ಒಂದೇ ಮನೆಯಲ್ಲಿ, ಒಂದೇ ಬಾಯಲ್ಲಿ ಇದ್ದ ಹಾಡು ಒಂದು ಅಣಕನ್ನೂ ತಡೆಯಲಾರದು. ಇದು ನನಗೆ ತಿಳಿದದ್ದು ಕಾಕಿಯ ಮೊಮ್ಮಗಳಿಗೆ ಹೆಸರಿಟ್ಟ ದಿನ.

ಅಷ್ಟರಲ್ಲಿ ನಾನು ಮದುವೆಯಾಗಿ ಸಂಭಾಜಿನಗರ ಸೇರಿದ್ದೆ. ಯೇವಲಾದ ಮೇಲೆ ಹಾಯುವ ಬಸ್ಸು ಹಿಡಿದು ನಾಸಿಕಕ್ಕೆ ಹೋಗಿದ್ದೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರೆಲ್ಲ ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಆಮೇಲೆ ಕಾಕಿ ತೊಟ್ಟಿಲ ಹಗ್ಗ ಹಿಡಿದು ಶುರುಮಾಡಿದರು. ಮೊದಲ ಸಾಲು ಮುಗಿಯುವ ಮುಂಚೆ ನೆರೆದವರೆಲ್ಲ ಚಪ್ಪಾಳೆ ತಟ್ಟುತ್ತ ‘ಕಾಂದಾ ಘ್ಯಾ’ ಎಂದು ದನಿ ಕೂಡಿಸಿದರು. ಅಣಕಿಸಬೇಕೆಂದಲ್ಲ, ಖುಷಿಗೆ. ಅವರಿಗೆ ಗೊತ್ತಿದ್ದ ಹಾಡು ಅದೇ. ಮಗನೂ ಹಾಡಿದ, ಅವನೂ ಅದನ್ನೇ ಕೇಳಿ ಬೆಳೆದವನು. ಕಾಕಿ ನಕ್ಕರು. ನಕ್ಕು, ಹಗ್ಗವನ್ನು ಸೊಸೆಯ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ ಎಲೆ ಒರೆಸತೊಡಗಿದರು. ಆಮೇಲೆ ಆ ಮನೆಯಲ್ಲಿ ಕೂಸು ಮೊಬೈಲಿನ ಹಾಡು ಕೇಳಿ ಮಲಗುತ್ತಿತ್ತಂತೆ.

ಮೊಮ್ಮಗಳು ಶಾಲೆಗೆ ಹೋಗುವ ಹೊತ್ತಿಗೆ ಕಾಕಿಗೆ ಲಕ್ವಾ ಹೊಡೆಯಿತು. ಚಿಕಿತ್ಸೆಗೆ ಸಂಭಾಜಿನಗರಕ್ಕೆ ಕರೆತಂದರು. ನಾನು ದಿನಾ ಗಂಜಿ ಒಯ್ಯುತ್ತಿದ್ದೆ. ಮಾತು ತೊದಲುತ್ತಿತ್ತು, ಆದರೆ ಕೇಳುತ್ತಿದ್ದದ್ದು ಒಂದೇ.

“ನಿದ್ದಿ ಬಾಗಲಿಗಿ ಬಂದ್ಳಲ್ಲ ಯವ್ವಾ... ಆಮ್ಯಾಗ ಅವ್ವ ಏನಂದ್ಳು?”

ನೀವೇ ಹೇಳಬೇಕ್ರಿ ಕಾಕಿ, ಅಂದೆ. ಅವರು ತಲೆದಿಂಬಿನ ಮೇಲೆ ತಲೆ ಆಡಿಸಿದರು. ನೆನಪಿನಲ್ಲಿ ಎಲ್ಲ ಇತ್ತು, ಕುಂಬಾರರ ತಿಗರಿ, ನೇಕಾರರ ಮಗ್ಗ. ಕೊನೆಯ ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಮಗ ಹುಮನಾಬಾದ ಕಡೆಯ ನೆಂಟರಿಗೆಲ್ಲ ಫೋನು ಹಚ್ಚಿದ. ಅವರಿಗೆ ಬೇರೆ ಜೋಗುಳಗಳು ಬರುತ್ತಿದ್ದವು, ಇದೊಂದು ಯಾರಿಗೂ ಬರುತ್ತಿರಲಿಲ್ಲ. ಕಾಕಾ ಮಂಚದ ಬದಿಗೆ ಕುಳಿತು ಮೊದಲಿನಿಂದ ಕನ್ನಡದಲ್ಲೇ ಹಾಡಿ ನೋಡಿದರು. ಎರಡು ನುಡಿ ಸರಿಯಾಗಿ ಬಂದವು. ಮೂರನೆಯದಕ್ಕೆ ಬಂದು ನಾಲಿಗೆ ತಾನಾಗಿ ಚಾಂದವಡಕ್ಕೆ ಹೊರಳಿತು. ಕಾಕಾ ಕೈಯಿಂದ ಬಾಯಿ ಮುಚ್ಚಿಕೊಂಡರು.

“ಹುಡುಕ್ಲಾಕ ಹ್ವಾದ್ರ ಗಾಡೀನೇ ಬರ್ತದವ್ವಾ,” ಅಂದರು ನನಗೆ.

ಎಷ್ಟು ದಿನ ನೋಡುವುದು? ಕೊನೆಗೆ ನಾನೇ ಒಂದು ನುಡಿ ಕಟ್ಟಿದೆ. ಬಾ ನಿದ್ದಿ, ಹೊಸ್ತಿಲ ಮೇಲೆ ಕೂಡು, ಹಾಲು ಕುಡಿದು ಹೋಗು ಎಂದು ತಾಯಿ ಹೇಳುವ ಹಾಗೆ. ಬಸ್ಸಿನಲ್ಲಿ ಕೂತು ಧಾಟಿಗೆ ಹೊಂದಿಸಿಕೊಂಡು ಹೋಗಿ, ಕಾಕಿಯ ಕಿವಿಯ ಹತ್ತಿರ ಬಗ್ಗಿ ಹಾಡಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಛಲೋ ಅದ,” ಅಂದರು. ನನ್ನ ಕೈ ಹಿಡಿದುಕೊಂಡು, “ಅದಲ್ಲ ಯವ್ವಾ,” ಅಂದರು.

ಅದೇ ವಾರ ಕಾಕಿ ತೀರಿಕೊಂಡರು. ಸರಿಯಾದದ್ದನ್ನು ಕೇಳಿದರೆ ಅವರಿಗೆ ಗುರುತು ಸಿಗುತ್ತಿತ್ತು. ಕೇಳಿಸುವವರು ಈ ಲೋಕದಲ್ಲಿ ಒಬ್ಬರೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ, ಯಾರನ್ನು ಬೈದು ಅಳಬೇಕೆಂದು ತಿಳಿಯುವುದಿಲ್ಲ.

ಹೋದ ವಾರ ಗ್ಯಾಸ್ ಆರಿಸಿ ಹೊರಗೆ ಹೋದೆ. ಟೆಂಪೋದವನು ಮಧ್ಯವಯಸ್ಸಿನವನು, ಮರಾಠಿಯವನು. ಉಳ್ಳಾಗಡ್ಡಿ ಆರಿಸುತ್ತ ಹಾಡು ಎಲ್ಲಿಂದ ಬಂತೆಂದು ಕೇಳಿದೆ. ಮೊಬೈಲಿನಲ್ಲಿ ಬಂತು, ಈಗ ಎಲ್ಲ ಗಾಡಿಗಳಲ್ಲೂ ಇದೇ ಅಂದ. ಇದು ಯಾವ ಹಾಡಿನ ನಕಲು ಗೊತ್ತೇನಪ್ಪ ಅಂದೆ. ಅವನಿಗೆ ಕೊಂಚ ಬೇಸರವಾಯಿತು.

“ನಕ್ಕಲ್ ನಾಹೀ ತಾಈ,” ಅಂದ. “ಓರಿಜಿನಲ್ ಆಹೇ.”

ಅಲ್ಲಪ್ಪ, ಇದು ನಮ್ಮ ಕಾಕಿಯದು ಅನ್ನಬೇಕೆನಿಸಿತು. ಹಾಗಾದರೆ ಹಾಡಿ ತೋರಿಸಿ ಅಂದರೆ ಏನು ಮಾಡಲಿ... ಚೀಲ ಹಿಡಿದು ಗೇಟಿನ ಹತ್ತಿರ ನಿಂತೆ. ಟೆಂಪೋ ನಿಧಾನವಾಗಿ ಮುಂದೆ ಹೋಯಿತು. ಕುಂಬಾರರ ಜಾಗದ ನುಡಿ ಮುಗಿಯಿತು, ನೇಕಾರರ ಜಾಗದ್ದೂ ಮುಗಿಯಿತು. ಇನ್ನು ನಿದ್ದಿ ಬಾಗಿಲಿಗೆ ಬರಬೇಕು, ತಾಯಿ ಏನೋ ಹೇಳಬೇಕು. ನಾನು ಕಾದೆ. ಟೆಂಪೋ ಮೂಲೆಯಲ್ಲಿ ಹೊರಳಿತು, ಹಾಡು ಮತ್ತೆ ಮೊದಲಿನಿಂದ ಶುರುವಾಯಿತು.