ಮಾಫಿ ಕೇಳಲು ಹೊಳೆನರಸೀಪುರಕ್ಕೆ

ಆ ವರ್ಷ ರಂಜಾನೂ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸವೂ ಒಟ್ಟಿಗೇ ಬಂದಿದ್ದವು. ಹಾಸನದಿಂದ ಚನ್ನರಾಯಪಟ್ಟಣದ ಕಾಲೇಜಿಗೆ ದಿನಾ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದ ನಾವು ಮೂವರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ಹಿರಿಯರು ಮುಸ್ಲಿಮರು, ಇಂಗ್ಲಿಷ್ ಮೇಡಂ ಕ್ರೈಸ್ತರು. ಯಾವ ದೇವರನ್ನೂ ನಂಬದ ನಾನೊಬ್ಬನೇ ಬಸ್ ಸ್ಟ್ಯಾಂಡಿನಲ್ಲಿ ವಡೆ ತಿನ್ನುತ್ತಿದ್ದೆ.

"ಮಾಂಸ ಬಿಟ್ಟು ಟೀ ಕುಡೀತಾ ಕೂತ್ರೆ ಅದು ಉಪಾಸವಾ ಮೇಡಂ, ಡಯಟ್ಟಾ?" ಎಂದು ಲೈಬ್ರರಿಯವರು ಕೆಣಕುತ್ತಿದ್ದರು.

"ನೀವು ಮಧ್ಯಾಹ್ನದಿಂದ್ಲೇ ಸಂಜೆ ಸಮೋಸಾ ಧ್ಯಾನ ಮಾಡ್ತೀರಲ್ಲ ಸರ್, ಅದಕ್ಕಿಂತ ವಾಸಿ ಬಿಡಿ."

ಈ ತಮಾಷೆಯ ಹಿಂದೆ ನನ್ನನ್ನು ತಮ್ಮ ಕಡೆ ಎಳೆದುಕೊಳ್ಳುವ ಹುನ್ನಾರವಿದೆ ಎಂಬ ಗುಮಾನಿ ನನಗೆ. ಆದರೂ ಒಂದು ಬೆಳಿಗ್ಗೆ ನಾನೇ ಬಾಯಿಬಿಟ್ಟೆ. ಡಿಗ್ರಿ ಪರೀಕ್ಷೆಯಲ್ಲಿ ನನ್ನ ಕಾಪಿ ಚೀಟಿ ನೆಲಕ್ಕೆ ಬಿತ್ತು. ಯಾರದು ಎಂದು ಕೇಳಿದಾಗ ಪಕ್ಕದ ಬೆಂಚಿನ ಗೆಳೆಯನ ಕಡೆ ನೋಡಿದೆ. ಬರೀ ನೋಡಿದೆನೋ, ಬೆರಳು ತೋರಿಸಿದೆನೋ, ನೆನೆದಾಗಲೆಲ್ಲ ಒಂದೊಂದು ಥರ ಕಾಣುತ್ತದೆ. ಅವನನ್ನು ಡಿಬಾರ್ ಮಾಡಿದರು. ಅವನು ಮತ್ತೆ ಓದಲಿಲ್ಲ. "ನಿಮ್ಮ ದೇವರುಗಳ ಹತ್ರ ಇದಕ್ಕೆ ಬಿಡುಗಡೆ ಇದೆಯಾ?" ಎಂದೆ.

"ದೇವರು ಒಬ್ಬನೇ ಮೇಷ್ಟ್ರೇ, ಅವನಿಗೆ ಮಗ ಇಲ್ಲ, ಪಾಲುದಾರ ಇಲ್ಲ," ಎಂದರು ಲೈಬ್ರರಿಯವರು. "ಒಬ್ಬರ ಹೊರೆ ಇನ್ನೊಬ್ಬರು ಹೊರಂಗಿಲ್ಲ. ನಮಾಜು ತಪ್ಪಿಸಿದ್ರೆ ಮನಸಾರೆ ಅವನನ್ನೇ ಕೇಳ್ಕೋಬೋದು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನೇ ಮಾಫಿ ಕೊಡ್ಬೇಕು."

"ನಮಗೂ ದೇವರು ಒಬ್ಬನೇ," ಎಂದರು ಮೇಡಂ. "ಆದ್ರೆ ಅವನೇ ಮನುಷ್ಯನಾಗಿ ಬಂದು ನಮ್ಮ ಪಾಪ ಹೊತ್ತು ಶಿಲುಬೆ ಏರಿದ. ಕ್ಷಮೇನ ನಾವು ಸಂಪಾದಿಸೋದೇನಿಲ್ಲ, ನಂಬಿ ತಗೊಳ್ಳೋದು."

"ನಿಮ್ಮ ಯೇಸು, ನಮ್ಮ ಈಸಾ, ನಮಗೂ ಪ್ರವಾದಿ. ಶಿಲುಬೆಗೆ ಹಾಕೋಕೆ ಅಲ್ಲಾಹ್ ಬಿಡಲಿಲ್ಲ ಅಂತ ನಮ್ಮ ನಂಬಿಕೆ."

ಒಂದು ಬಲು ಬಿಗಿ, ಇನ್ನೊಂದು ಬಲು ಸಡಿಲ ಅನ್ನಿಸಿತು. ಸಡಿಲದ್ದನ್ನೇ ಹಿಡಿದು, "ಹಾಗಾದ್ರೆ ಅವನನ್ನ ನೋಡಬೇಕಾಗಿಲ್ಲ ಅಲ್ವಾ ಮೇಡಂ?" ಎಂದೆ.

"ಅಷ್ಟು ಸುಲಭಕ್ಕೆ ಬಿಡಲ್ಲ. ಮೊದ್ಲು ಅವರ ಹತ್ರ ರಾಜಿಯಾಗಿ ಬನ್ನಿ ಅಂತ್ಲೂ ನಮ್ಮಲ್ಲಿದೆ."

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೇನೋ ಎಂದು ಅನುಮಾನಪಟ್ಟೆ.

ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಗೆಳೆಯ ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಹಿಟ್ಟು ಕೂತು ಹುಬ್ಬೆಲ್ಲ ಬೆಳ್ಳಗಾಗಿತ್ತು. "ಏನ್ಲಾ ಮೇಷ್ಟ್ರೇ, ದಾರಿ ತಪ್ಪಿ ಬಂದ್ಬುಟ್ಯಾ?" ಎಂದ. ಚೀಟಿಯ ವಿಷಯ ಹೇಳಿದೆ. ಅವನು ಮಿಷನ್ ಆಫ್ ಮಾಡಿದ.

"ನನ್ ಜೋಬಲ್ಲಿ ಇನ್ನೆಲ್ಡ್ ಚೀಟಿ ಸಿಕ್ವು ಕಣ್ಲಾ. ಡಿಬಾರ್ ಆಗಿದ್ದು ಅದುಕ್ಕೆ. ಅದ ಬುಡು. ನಮ್ಮಪ್ಪ ಅರಕಲಗೂಡಿಂದ ಆಸ್ಟ್ಲಿಗೆ ಬಂದಾಗ, ನಾನು ಒಳಗಿದ್ರೂ ನೀನು ಇಲ್ಲ ಅಂದು ಗೇಟಿಂದ್ಲೇ ಕಳಿಸ್ಬುಟ್ಯಲ್ಲ, ಅದು ಗ್ಯಾಪ್ಕ ಐತಾ? ಕಿತ್ತೋದ ಎಕ್ಕಡ ಆಕಂಡಿದ್ದ. ಅಂತವನು ನಿನ್ ಸ್ನೇಯಿತನ ಅಪ್ಪ ಅಂತ ನಾಲ್ಕು ಜನಕ್ಕೆ ತಿಳಿಯೋದು ನಿಂಗೆ ಬೇಕಿರ್ನಿಲ್ಲ."

ನನಗೆ ನೆನಪಿರಲಿಲ್ಲ. ಹಾಗೆಂದೆ.

"ಇರಾಕಿಲ್ಲ ಬುಡು."

"ತಪ್ಪಾಯ್ತು ಕಣೋ."

"ನಂಗ್ಯಾಕ್ ಯೋಳ್ತೀಯ? ಅವನು ಓಗಿ ಆರು ವರ್ಸ ಆಯ್ತು." ಮತ್ತೆ ಮಿಷನ್ ಹಾಕಿದ.

ನನ್ನನ್ನು ಕಾಡಿಸಲು ಅವನೇ ಇದನ್ನು ಕಟ್ಟಿರಬಹುದು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಸೋಮವಾರ ಬಸ್ಸಿನಲ್ಲಿ, ಅನ್ಯಾಯವಾದವನು ಸತ್ತಿದ್ದರೆ ಏನು ಗತಿ ಎಂದು ಕೇಳಿದೆ. ಅವರಿಗಾಗಿ ದುವಾ ಮಾಡಿ, ನ್ಯಾಯದ ದಿನ ಅವರೇ ಎದುರಿಗೆ ನಿಲ್ಲುತ್ತಾರೆ ಎಂದರು ಒಬ್ಬರು. ಇಬ್ಬರನ್ನೂ ಯೇಸುವಿನ ಕೈಗೆ ಒಪ್ಪಿಸಿ ಎಂದರು ಇನ್ನೊಬ್ಬರು. ಆದರೆ ಇಬ್ಬರೂ ಮೊದಲು ಹೇಳಿಸುವುದು, ನಾನು ಮಾಡಿದೆ, ಎಂಬ ಮಾತನ್ನೇ. ಅದನ್ನು ಹೇಳಲು ನನಗೆ ಆ ಗೇಟು ನೆನಪಿನಲ್ಲಿ ಕಾಣಬೇಕು.

ದಿನವೂ ನೆನೆಯಲು ನೋಡುತ್ತೇನೆ. ಮೊನ್ನೆ ಆ ಎಕ್ಕಡಗಳು ಒಮ್ಮೆಗೇ ನಿಚ್ಚಳವಾಗಿ ಕಂಡವು. ಎಡಗಾಲಿನದಕ್ಕೆ ತಂತಿ ಬಿಗಿದಿತ್ತು. ಕೊನೆಗೂ ಆ ದಿನ ನೆನಪಾಯಿತು ಅಂದುಕೊಂಡೆ.

ಆದರೆ ಹಾಗೆ ತಂತಿ ಬಿಗಿದುಕೊಳ್ಳುತ್ತಿದ್ದವನು ನನ್ನ ಅಪ್ಪ.