ಚೆನ್ನಣ್ಣ ಆರಿಸಿದ ಹುಡುಗ

ಚೆನ್ನಣ್ಣ ನನ್ನ ಅಕ್ಕನ ಗಂಡ. ಪಾಸ್‌ಪೋರ್ಟಿನಲ್ಲಿ ಚೆನ್ನಪ್ಪ, ಹಿರಿಯರ ಬಾಯಲ್ಲಿ ಚೆನ್ನು, ನನಗೆ ಭಾವ, ಕತಾರಿನಲ್ಲಿರುವ ಉಳಿದ ಕರಾವಳಿ ಮಂದಿಗೆಲ್ಲ ಚೆನ್ನಣ್ಣ. ಅವರ ಬಗ್ಗೆ ನನಗಿಂತ ಚೆಂದ ಬರೆಯುವವರು ಇದ್ದಾರು. ನನ್ನಷ್ಟು ಹೆಮ್ಮೆಯಿಂದ ಬರೆಯುವವರು ಮಾತ್ರ ಇಲ್ಲ, ಇದ್ದರೆ ಎದುರಿಗೆ ಬರಲಿ.

ದೋಹಾದಿಂದ ರಾಸ್ ಲಫಾನಿನ ಗ್ಯಾಸ್ ಸ್ಥಾವರಗಳಿಗೆ ಕೆಲಸಗಾರರನ್ನು ಒಯ್ಯುವ ಕಂಪೆನಿ ಬಸ್ಸಿನ ಡ್ರೈವರ್ ಅವರು. ಬಸ್ಸಿನಲ್ಲಿ ನೇಪಾಳಿ, ಮಲಯಾಳಿ, ಫಿಲಿಪಿನೋ, ಬಿಹಾರಿ ಎಲ್ಲರೂ ಇರುತ್ತಾರೆ. ಎಲ್ಲರ ಜೊತೆಗೂ ಅವರು ಒಂದೇ ಭಾಷೆಯಲ್ಲಿ ಮಾತಾಡುತ್ತಾರೆ. ಅದರಲ್ಲಿ ಅರ್ಧ ಹಿಂದಿ, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ. ಬಸ್ಸು ತಡವಾದದ್ದನ್ನು ನಾನು ಕೇಳಿಲ್ಲ. ಮೀಸೆಯ ಮೇಲೆ ಮಾತ್ರ ವಿಪರೀತ ಮೋಹ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಕನ್ನಡಿಯಲ್ಲಿ ನೋಡಿಕೊಂಡು ತೀಡುತ್ತಾರೆ, ಹಿಂದಿನ ಕಾರಿನವನು ಹಾರನ್ ಹೊಡೆದರೂ ಕೇಳಿಸುವುದಿಲ್ಲ.

ಇದು ಹೊಟ್ಟೆಪಾಡಿನ ಮಾತಾಯಿತು. ಅವರ ಜೀವ ಇದ್ದದ್ದು ಫಲ್ಗುಣಿ ಕಬಡ್ಡಿ ತಂಡದಲ್ಲಿ. ಹೊಸದಾಗಿ ಬಂದ ಕಾಲದಲ್ಲಿ ಶುಕ್ರವಾರಗಳಂದು ರೂಮಿನಲ್ಲಿ ಮಲಗಿ ಮಲಗಿ ಬೇಸತ್ತು, ನಾಲ್ಕು ಜನ ಊರವರನ್ನು ಎಬ್ಬಿಸಿ ಮರಳಿನಲ್ಲಿ ಗೆರೆ ಎಳೆದು ಕಟ್ಟಿದ ತಂಡ ಅದು. ಹೆಗಲಿನ ಎಲುಬು ಮುರಿದು ತಾವು ಆಡುವುದನ್ನು ಬಿಟ್ಟ ಮೇಲೂ ತಂಡದ ಯಜಮಾನಿಕೆ ಅವರದೇ. ನಮ್ಮ ಜೆರ್ಸಿಗಳನ್ನು ಲಾಂಡ್ರಿಗೆ ಕೊಡಲು ಬಿಡುತ್ತಿರಲಿಲ್ಲ, ಬಣ್ಣ ಹೋಗುತ್ತದಂತೆ. ಮದೀನತ್ ಖಲೀಫಾದಲ್ಲಿ ನಾವು ಬಾಡಿಗೆಗಿದ್ದ ವಿಲ್ಲಾದ ಟೆರೇಸಿನಲ್ಲಿ ಅವರೇ ಒಗೆದು, ಅವರೇ ಹರವಿ, ಸಂಜೆ ಮಡಚಿ ದೊಡ್ಡ ನೀಲಿ ಚೀಲಕ್ಕೆ ತುಂಬುತ್ತಿದ್ದರು. ಆ ಚೀಲ ಯಾರ ಹೆಗಲಲ್ಲಿರುತ್ತದೋ ಅವರೇ ತಂಡದ ಯಜಮಾನರು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಆದರೆ ತಂಡ ಗೆಲ್ಲುತ್ತಿರಲಿಲ್ಲ. ದೋಹಾದಲ್ಲಿ ಏಷ್ಯನ್ ಗೇಮ್ಸ್ ನಡೆದ ಮೇಲಂತೂ ಕಬಡ್ಡಿ ನೋಡಿ ಬಂದ ಪ್ರತಿಯೊಬ್ಬನೂ ಪಂಡಿತನಾಗಿದ್ದ. ಅದೇ ವರ್ಷ ನಮ್ಮವರ ಟೂರ್ನಮೆಂಟಿನಲ್ಲಿ ಫಲ್ಗುಣಿ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಅಂಗಡಿಯಲ್ಲಿ ಮೀನು ಕೊಳ್ಳಲು ನಿಂತರೂ ಯಾರಾದರೊಬ್ಬರು ಬಂದು ನಮಗೆ ಕಾಲು ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದರು.

ಕಡೆಯ ಸ್ಥಾನಕ್ಕೂ ಒಂದು ಲಾಭವಿತ್ತು. ಪ್ರತಿ ಚಳಿಗಾಲ ಟೂರ್ನಮೆಂಟಿನ ಮೊದಲು, ಯಾವ ತಂಡಕ್ಕೂ ಸೇರದ ಆಟಗಾರರೆಲ್ಲ ಒಂದು ಶುಕ್ರವಾರ ಮೈದಾನಕ್ಕೆ ಬರುತ್ತಾರೆ. ಅವರನ್ನು ಆಡಿಸಿ ನೋಡಿ, ಒಂದೊಂದು ತಂಡ ಒಬ್ಬೊಬ್ಬರನ್ನು ಆರಿಸಿಕೊಳ್ಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದವರಿಗೆ ಮೊದಲ ಆಯ್ಕೆ. ಅಂದರೆ ಆ ಸಲ ನಮಗೆ.

ಯಾರನ್ನು ಆರಿಸಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪೃಥ್ವಿರಾಜ್ ಎಂಬ ಎಂಜಿನಿಯರ್ ಹೊಸದಾಗಿ ಬಂದಿದ್ದ. ಯೂನಿವರ್ಸಿಟಿಗೆ ಆಡಿದವನು, ರೈಡ್‌ಗೆ ಹೋದರೆ ಲೆಕ್ಕ ಹಾಕಿದಂತೆ ಮುಟ್ಟಿ ಬರುತ್ತಿದ್ದ. ನಮ್ಮ ತಂಡದ ಖರ್ಚು ನೋಡಿಕೊಳ್ಳುತ್ತಿದ್ದ ಕಮಿಟಿಯ ಅಧ್ಯಕ್ಷರು ಫಿಡೆಲಿಸ್, ಇನ್ಶೂರೆನ್ಸ್ ಕಂಪೆನಿಯೊಂದರ ಅಕೌಂಟೆಂಟ್. ಅವರು ಪೃಥ್ವಿರಾಜನಿಗೆ ಜೆರ್ಸಿ ನಂಬರನ್ನೂ ಮನಸ್ಸಿನಲ್ಲೇ ಕೊಟ್ಟಾಗಿತ್ತು.

ಭಾವನ ಕಣ್ಣು ಬೇರೆ ಕಡೆಗಿತ್ತು. ಅವರ ಬಸ್ಸಿನಲ್ಲಿ ಝಿಯಾದ್ ಎಂಬ ಹುಡುಗನಿದ್ದ. ಉಳ್ಳಾಲದ ಕಡೆಯವನು, ಮನೆಯಲ್ಲಿ ಬ್ಯಾರಿ ಮಾತು. ಕಾಲೇಜಿನಲ್ಲಿ ಹೈಜಂಪ್ ಮಾಡುತ್ತಿದ್ದವನು ಈಗ ರಾಸ್ ಲಫಾನಿನಲ್ಲಿ ಪೈಪು ಕಟ್ಟಿ ಅಟ್ಟಣಿಗೆ ಏರಿಸುವ ಸ್ಕಾಫೋಲ್ಡಿಂಗ್ ಕೆಲಸಕ್ಕಿದ್ದ. ಒಂದು ಸಂಜೆ ಬಸ್ಸು ಹೊರಟಿದೆ, ಇವನು ದೂರದಿಂದ ಓಡಿ ಬರುತ್ತಿದ್ದಾನೆ, ನಡುವೆ ಎದೆಮಟ್ಟದ ಕಾಂಕ್ರೀಟ್ ತಡೆ. ಸುತ್ತಿ ಬರುವುದು ಬಿಟ್ಟು, ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡೇ ಅದರ ಮೇಲಿಂದ ಹಾರಿ ಬಂದ. ಭಾವ ಬ್ರೇಕು ಒತ್ತಿದರು. ಆ ದಿನ ರೂಮಿಗೆ ಬಂದವರು ಊಟಕ್ಕೆ ಕೂತು, ಅನ್ನ ಕಲಸುವುದನ್ನೇ ಮರೆತು ನನಗೆ ಹೇಳಿದರು: "ಅಣ್ಣು, ಡಬ್ಬಿಯ ಸಾಂಬಾರು ಸಹ ಚೆಲ್ಲಲಿಲ್ಲ ಮಾರಾಯ!"

ಆಯ್ಕೆಯ ದಿನ ಝಿಯಾದನ ಆಟ ನೋಡಿ ಮೈದಾನವೇ ನಕ್ಕಿತು. ಮೊದಲ ಸಲ ಬಾಯಿಯೇ ತೆರೆಯದೆ ಓಡಿದ. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನಬೇಕೆಂದು ಹೇಳಿಕೊಟ್ಟ ಮೇಲೆ ಕಬಡ್ಡಿ ಅನ್ನುತ್ತ ನಮ್ಮನ್ನೆಲ್ಲ ದಾಟಿ, ಹಿಂದಿನ ಗೆರೆಯನ್ನೂ ದಾಟಿ, ಔಟಾಗಿ, ಗೆದ್ದವನ ಹಾಗೆ ಕೈಯೆತ್ತಿದ. ಮೂರನೆಯ ಸಲ ನಾನು ಅವನ ಪಾದಕ್ಕೆ ಬಿದ್ದೆ. ಎಡ ಕಾರ್ನರಿನಲ್ಲಿ ನನ್ನ ಕೈಗೆ ಸಿಕ್ಕ ಪಾದ ಬಿಡಿಸಿಕೊಂಡವರು ಕಡಿಮೆ. ನನ್ನ ಕೈಗೆ ಬಂದದ್ದು ಮರಳು. ತಲೆ ಎತ್ತಿದರೆ ಅವನು ನನ್ನ ಮೇಲಿಂದ ಹಾರಿ ಆಚೆ ನಿಂತಿದ್ದ.

ಫಿಡೆಲಿಸರು ಭಾವನನ್ನು ಪಕ್ಕಕ್ಕೆ ಕರೆದರು. ನಾನು ಮರಳು ಕೊಡವುವ ನೆಪದಲ್ಲಿ ಹತ್ತಿರವೇ ನಿಂತೆ.

"ಚೆನ್ನು, ಹೆಸರು ಹೇಳು. ಪೃಥ್ವಿರಾಜ್ ಅಲ್ವಾ?"

"ಅಲ್ಲ ಪೊರ್ಬುಗಳೇ. ಝಿಯಾದ್." ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಮರ್ಯಾದೆಯಿಂದ ಕರೆಯುವಂತೆಯೇ ಭಾವ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು.

"ನಿನಗೆ ಮಂಡೆ ಸಮ ಉಂಟಾ? ಅವನಿಗೆ ಗೆರೆ ಯಾವುದು, ಗೋಡೆ ಯಾವುದು ಗೊತ್ತಿಲ್ಲ."

"ಗೆರೆ ನಾನು ಕಲಿಸ್ತೇನೆ. ಆ ಹಾರುವುದನ್ನು ಯಾರಿಗೂ ಕಲಿಸ್ಲಿಕ್ಕೆ ಆಗುದಿಲ್ಲ."

"ಕಲಿಸುವಷ್ಟರಲ್ಲಿ ಟೂರ್ನಮೆಂಟ್ ಮುಗೀತದೆ. ಪ್ರತಿ ವರ್ಷ ನಿನ್ನ ಮಾತು ಕೇಳಿದ್ದು ಸಾಕು. ಈ ಸಲ ಕಪ್ ಬಾರದಿದ್ರೆ ಚೀಲ ನನ್ನ ಕೈಗೆ ಕೊಡ್ಬೇಕು. ಮತ್ತೆ ತಂಡದ ವಿಷಯದಲ್ಲಿ ನೀನು ಬಾಯಿ ಹಾಕ್ಲಿಕ್ಕಿಲ್ಲ. ಒಪ್ಪಿಗೆಯಾ?"

ಭಾವ ಮೀಸೆ ತೀಡಿದರು. ಆ ತಂಡ ಬಿಟ್ಟರೆ ಅವರಿಗೆ ಇಲ್ಲಿ ಬಸ್ಸು ಮತ್ತು ಹಾಸಿಗೆ ಅಷ್ಟೇ.

"ಒಪ್ಪಿಗೆ," ಎಂದರು. ಗಟ್ಟಿಯಾಗಿ ಝಿಯಾದನ ಹೆಸರು ಕೂಗಿದರು. ಎರಡನೆಯ ಆಯ್ಕೆಯಿದ್ದ ಪಯಸ್ವಿನಿ ತಂಡದವರು ಒಂದು ನಿಮಿಷ ನಂಬಲಿಲ್ಲ. ಆಮೇಲೆ ಪೃಥ್ವಿರಾಜನನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋದರು.

ಝಿಯಾದನಿಗೆ ಅಭ್ಯಾಸಕ್ಕೆ ಸಮಯವಿರಲಿಲ್ಲ, ಶಿಫ್ಟ್ ಹಾಗಿತ್ತು. ಭಾವ ಬಸ್ಸನ್ನೇ ಗರಡಿ ಮಾಡಿಕೊಂಡರು. ಹುಡುಗನನ್ನು ತಮ್ಮ ಹಿಂದಿನ ಸೀಟಿನಲ್ಲಿ ಕೂರಿಸಿ, ಒಂದು ವಿದ್ಯುತ್ ಗೋಪುರದಿಂದ ಇನ್ನೊಂದರ ತನಕ, ಆಮೇಲೆ ಎರಡರ ತನಕ, ಒಂದೇ ಉಸಿರಿನಲ್ಲಿ ಕಬಡ್ಡಿ ಹೇಳಿಸಿದರು. ಬಸ್ಸಿನ ಅರ್ಧ ಜನಕ್ಕೆ ಇದು ಯಾವ ದೇವರ ಪ್ರಾರ್ಥನೆ ಎಂದು ತಿಳಿಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಎಲ್ಲರೂ ತೀರ್ಪುಗಾರರಾದರು. ಉಸಿರು ತುಂಡಾದದ್ದೇ ತಡ, ಹಿಂದಿನ ಸೀಟುಗಳಿಂದ "ಖಲಾಸ್! ಖಲಾಸ್!" ಎಂದು ಬೊಬ್ಬೆ. ಶುಕ್ರವಾರಗಳಲ್ಲಿ ನಾವು ಮರಳಿನಲ್ಲಿ ಅವನಿಗೆ ಗೆರೆಗಳನ್ನು ಕಲಿಸಿದೆವು. ಅವನು ತಪ್ಪು ಮಾಡಿದರೆ ನಾನು ಬಯ್ಯುತ್ತಿದ್ದೆ, ಭಾವ ಬಯ್ಯುತ್ತಿರಲಿಲ್ಲ. "ಇನ್ನೊಮ್ಮೆ ಹೋಗು," ಅನ್ನುತ್ತಿದ್ದರು, ಅಷ್ಟೇ.

ಮತ್ತೆ ಟೂರ್ನಮೆಂಟ್ ಬಂತು. ಮೊದಲ ಪಂದ್ಯದಲ್ಲಿ ಝಿಯಾದ್ ಎರಡು ಸಲ ಸುಮ್ಮಸುಮ್ಮನೆ ಗೆರೆ ತುಳಿದ. ಎರಡನೆಯದರಲ್ಲಿ ಒಂದು ಸಲ. ಮೂರನೆಯ ಪಂದ್ಯದಿಂದ ಅವನನ್ನು ಹಿಡಿಯುವುದು ಹೇಗೆಂದು ಎದುರಿನವರು ತಲೆ ಕೆರೆದುಕೊಳ್ಳತೊಡಗಿದರು. ಕಡೆಯ ಸ್ಥಾನದ ಫಲ್ಗುಣಿ ಫೈನಲ್ ತಲುಪಿತು. ಎದುರಿಗೆ ಯಾರು? ಪಯಸ್ವಿನಿ, ಪೃಥ್ವಿರಾಜ್.

ಆ ದಿನದ ಗದ್ದಲವನ್ನು ಏನೆಂದು ಹೇಳಲಿ. ಅಲ್ ರಯ್ಯಾನಿನಿಂದ ಸಂಸಾರ ಸಮೇತ ಬಂದವರು, ರಾಸ್ ಲಫಾನಿನ ಬಸ್ಸಿನವರು, ತಗಡಿನ ಡಬ್ಬ ಬಡಿಯುವವರು, ಸೀಟಿ ಊದುವವರು. ಪೃಥ್ವಿರಾಜ್ ಅಂದವಾಗಿ ಆಡಿದ, ಅದನ್ನು ಮುಚ್ಚಿಡುವುದಿಲ್ಲ. ಕೊನೆಯ ರೈಡ್ ನಮ್ಮದು, ನಾವು ಒಂದು ಪಾಯಿಂಟ್ ಹಿಂದೆ. ಭಾವ ಝಿಯಾದನ ಬೆನ್ನು ತಟ್ಟಿ ಕಳಿಸಿದರು.

ಅವನು ಹೋದ. ಬಲಕ್ಕೆ ವಾಲಿ ಒಬ್ಬನನ್ನು ಮುಟ್ಟಿದ, ತಿರುಗುವಾಗ ಇನ್ನೊಬ್ಬನನ್ನು ಮುಟ್ಟಿದ. ಅಷ್ಟರಲ್ಲಿ ಮೂವರು ಕೈಕೈ ಹಿಡಿದು ದಾರಿ ಕಟ್ಟಿದರು, ನಡುವೆ ಪೃಥ್ವಿರಾಜ್. ಝಿಯಾದ್ ಎರಡು ಹೆಜ್ಜೆ ಹಿಂದೆ ಸರಿದು ನೆಗೆದ. ಆ ಮೂರು ಜನರ ಕೈಗಳ ಮೇಲಿಂದ ಹಾರಿ, ನಡುಗೆರೆಯ ಈಚೆ ಬಂದು ಬಿದ್ದ. ಅಂಪೈರ್ ರಾಫೆಲ್ ಮಾಸ್ತರರು, ಶಾಲೆಯೊಂದರ ಆಟದ ಮಾಸ್ತರು, ಸೀಟಿ ಊದಿ ನಮ್ಮ ಕಡೆಗೆ ಎರಡು ಬೆರಳು ತೋರಿಸಿದರು. ಗೆದ್ದಿದ್ದೆವು! ನಾನು ಯಾರನ್ನು ಅಪ್ಪಿಕೊಂಡೆನೋ ನನಗೇ ತಿಳಿಯದು. ಫಿಡೆಲಿಸರು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದರು.

ಝಿಯಾದ್ ಮಾತ್ರ ಎದ್ದು ಮಾಸ್ತರರ ಹತ್ತಿರ ಹೋದ.

"ಸರ್, ಹಾರುವಾಗ ನನ್ನ ಉಸಿರು ತುಂಡಾಯ್ತು. ಅವರ ಅಂಗಳದಲ್ಲೇ."

ಉಸಿರು ತುಂಡಾದರೆ ರೈಡ್ ಹೋದವನೇ ಔಟು, ಮುಟ್ಟಿದ್ದು ಲೆಕ್ಕಕ್ಕಿಲ್ಲ. ನನ್ನ ಮೈ ಉರಿದುಹೋಯಿತು. ಆ ಡಬ್ಬದ ಸದ್ದಿನಲ್ಲಿ ಮಾಸ್ತರರಿಗೆ ಕೇಳಿಸಿಲ್ಲ, ಎದುರಿನವರಿಗೆ ಕೇಳಿಸಿಲ್ಲ, ಪಕ್ಕದಲ್ಲಿದ್ದ ಪೃಥ್ವಿರಾಜನೂ ತಕರಾರು ತೆಗೆದಿಲ್ಲ, ಇವನಿಗೇನು ದೊಡ್ಡ ರೋಗ?

ಮಾಸ್ತರರು ತಲೆ ಕೆರೆದುಕೊಂಡರು. "ನನಗೆ ಕೇಳಿಸ್ಲಿಲ್ಲ. ನಾನು ಪಾಯಿಂಟ್ ಕೊಟ್ಟಾಯ್ತು. ಚೆನ್ನಣ್ಣ, ನೀವು ತಂಡದ ಯಜಮಾನರು, ನೀವು ಹೇಳಿ. ಇವನ ಮಾತು ಬಿಟ್ಬಿಡಿ ಅಂದ್ರೆ ಕಪ್ ನಿಮ್ಮದೇ."

ಡಬ್ಬಗಳು ನಿಂತವು. ಫಿಡೆಲಿಸರು ಕುರ್ಚಿಯಿಂದ ಇಳಿದು ಬಂದು ಭಾವನ ತೋಳು ಹಿಡಿದರು. "ಚೆನ್ನು, ಅಂಪೈರ್ ಕೊಟ್ಟದ್ದು ನಾವು ಕೇಳಿದ್ದಲ್ಲ. ಸುಮ್ಮನಿರು ಮಾರಾಯ. ಚೀಲ ನಿನ್ನ ಹತ್ರವೇ ಇರ್ಲಿ, ನಾನೇ ಹೇಳ್ತೇನೆ."

ಭಾವ ಝಿಯಾದನನ್ನು ನೋಡಿದರು. "ಸರಿಯಾಗಿ ಹೇಳು. ತುಂಡಾದದ್ದು ಹೌದಾ?"

"ಹೌದು ಚೆನ್ನಣ್ಣ."

"ಹಾಗಾದ್ರೆ ಆಯ್ತಲ್ಲ ಮಾಸ್ತರ್ರೇ. ಹುಡುಗ ಔಟು. ಖಲಾಸ್."

ನಮ್ಮ ಎರಡು ಪಾಯಿಂಟ್ ಹೋಯಿತು, ಅವರಿಗೊಂದು ಸೇರಿತು, ಕಪ್ ಪಯಸ್ವಿನಿಯ ಪಾಲಾಯಿತು. ನಮ್ಮವರಲ್ಲಿ ಕೆಲವರು ಝಿಯಾದನಿಗೆ ಬಾಯಿಗೆ ಬಂದಂತೆ ಬೈದರು. ಭಾವ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತ ಮೇಲೆ ಬೈಗುಳ ನಿಂತಿತು. ಆಮೇಲೆ ಅವರು ನಮ್ಮ ಜೆರ್ಸಿಗಳನ್ನು ಒಂದೊಂದಾಗಿ ಬಿಚ್ಚಿಸಿಕೊಂಡು, ಬೆವರಿನ ಸಮೇತವೇ ಮಡಚಿ, ಚೀಲಕ್ಕೆ ತುಂಬಿ ಫಿಡೆಲಿಸರ ಕೈಗೆ ಕೊಟ್ಟರು. ಲಾಂಡ್ರಿಗೆ ಮಾತ್ರ ಕೊಡಬೇಡಿ ಎಂದರು. ಫಿಡೆಲಿಸರು ಬೇಡ ಅನ್ನಲಿಲ್ಲ, ಅವರಿಗೂ ಆಡಿದ ಮಾತೆಂದರೆ ಮಾತೇ. ಖಾಲಿ ಹೆಗಲಿನ ಭಾವನನ್ನು ನೋಡಿ ನನಗೆ ಅಳು ಬಂತು, ಅತ್ತೂಬಿಟ್ಟೆ.

ಹೊರಡುವ ಹೊತ್ತಿಗೆ ಪೃಥ್ವಿರಾಜ್ ಕಪ್ಪನ್ನು ತನ್ನವರ ಕೈಗೆ ಕೊಟ್ಟು ನಮ್ಮ ಹತ್ತಿರ ಬಂದ. ಝಿಯಾದನ ಕೈ ಕುಲುಕಿ, ಭಾವನ ಕಡೆ ತಿರುಗಿದ.

"ಚೆನ್ನಣ್ಣ, ನನ್ನನ್ನು ಬಿಟ್ಟು ಇವನನ್ನು ಆರಿಸಿದ್ದು ಯಾಕೇಂತ ಇವತ್ತು ಗೊತ್ತಾಯ್ತು. ಆದ್ರೆ ಇವನು ಇಂಥವನೂಂತ ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?"

ಭಾವ ಮೀಸೆಗೆ ಕೈ ಹಾಕಲಿಲ್ಲ. ಝಿಯಾದನನ್ನು ಅಡಿಯಿಂದ ಮುಡಿಯ ತನಕ ಹೊಸದಾಗಿ ಕಂಡವರ ಹಾಗೆ ನೋಡಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅಕ್ಕನ ಮದುವೆಯ ದಿನವೂ ಕಂಡಿರಲಿಲ್ಲ.

"ಗೊತ್ತಿರ್ಲಿಲ್ಲ ಮಾರಾಯ," ಎಂದರು. "ನಾನು ಕಾಲು ಮಾತ್ರ ನೋಡಿ ಆರಿಸಿದ್ದು."